ಜಾನ್ ವಾನ್ ನ್ಯೂಮನ್

ಜಾನ್ ವಾನ್ ನ್ಯೂಮನ್ (ಡಿಸೆಂಬರ್ 28, 1903 – ಫೆಬ್ರವರಿ 8, 1957) ಹಂಗೇರಿಯಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಗಣಿತಜ್ಞರು. ಗಣಿತ, ಕ್ವಾಂಟಮ್ ಭೌತಶಾಸ್ತ್ರ, ಅರ್ಥಶಾಸ್ತ್ರ ಮತ್ತು ಗಣಕವಿಜ್ಞಾನಗಳಿಗೆ ಮೂಲಭೂತ ಕೊಡುಗೆ ನೀಡಿದ ಇವರು ಇಪ್ಪತ್ತನೆಯ ಶತಮಾನದ ಪ್ರಮುಖ ವಿಜ್ಞಾನಿಗಳಲ್ಲಿ ಒಬ್ಬರು. ಪ್ರತಿಸ್ಪರ್ಧಿಗಳ ನಡುವಿನ ನಿರ್ಧಾರಗಳನ್ನು ವಿವೇಚಿಸುವ ಆಟದ ಸಿದ್ಧಾಂತ, ಸೂಚನೆಗಳನ್ನು ತನ್ನ ಸ್ಮೃತಿಯಲ್ಲಿಯೇ ಇರಿಸಿಕೊಳ್ಳುವ ಗಣಕಯಂತ್ರದ ವಿನ್ಯಾಸ, ತನ್ನಂತಹುದೇ ಇನ್ನೊಂದನ್ನು ನಿರ್ಮಿಸಬಲ್ಲ ಯಂತ್ರದ ಸಿದ್ಧಾಂತ – ಈ ಮೂರೂ ಕ್ಷೇತ್ರಗಳಲ್ಲಿ ಅವರ ಹೆಸರು ಆರಂಭದಲ್ಲಿಯೇ ಬರುತ್ತದೆ.

ಸ್ವತಂತ್ರವಾಗಿ ವರ್ತಿಸುವ ಅನೇಕ ಘಟಕಗಳು, ಅಂದರೆ ಏಜೆಂಟುಗಳು, ಪರಸ್ಪರ ಸ್ಪರ್ಧಿಸುತ್ತ ಅಥವಾ ಸಹಕರಿಸುತ್ತ ಕೆಲಸ ಮಾಡುವ ವ್ಯವಸ್ಥೆಯನ್ನು ಬಹು-ಏಜೆಂಟ್ ವ್ಯವಸ್ಥೆ ಎನ್ನುತ್ತಾರೆ. ಅಂತಹ ವ್ಯವಸ್ಥೆಗಳನ್ನು ಜೀವವಿಕಾಸದ ಮಾದರಿಯಲ್ಲಿ, ಪೀಳಿಗೆಯಿಂದ ಪೀಳಿಗೆಗೆ ತಿದ್ದುತ್ತ ರೂಪಿಸುವ ಅಧ್ಯಯನ ಶಾಖೆಯು ಮೇಲೆ ಹೇಳಿದ ಮೂರು ಎಳೆಗಳೂ ಕೂಡುವ ಸ್ಥಳದಲ್ಲಿ ನಿಂತಿದೆ. ಮೂರನ್ನೂ ನೂತವರು ವಾನ್ ನ್ಯೂಮನ್. ಆದರೆ ಅವನ್ನು ಒಂದಾಗಿ ಹೆಣೆಯುವ ಮೊದಲೇ, ತಮ್ಮ 53ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಾನ್ ನ್ಯೂಮನ್ ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ ಬುಡಾಪೆಸ್ಟ್ ನಗರದ ಅನುಕೂಲಸ್ಥ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಮಿಕ್ಷಾ ನೋಯ್ಮನ್ ಬ್ಯಾಂಕಿನಲ್ಲಿ ಉನ್ನತ ಹುದ್ದೆಯಲ್ಲಿದ್ದವರು; ತಾಯಿ ಮಾರ್ಗಿಟ್ ಕಾನ್. ಮೂವರು ಗಂಡುಮಕ್ಕಳಲ್ಲಿ ಇವರೇ ಹಿರಿಯರು. ಮನೆತನದ ಹೆಸರನ್ನು ಮೊದಲು ಹೇಳುವ ಹಂಗೇರಿಯ ರೂಢಿಯಂತೆ ಇವರ ಮೂಲ ಹೆಸರು ನೋಯ್ಮನ್ ಯಾನೋಶ್. 1913ರಲ್ಲಿ ತಂದೆಗೆ ಕುಲೀನ ಪದವಿ ದೊರೆಯಿತು. ಆ ಅಂತಸ್ತನ್ನು ಸೂಚಿಸುವ ಜರ್ಮನ್ ಭಾಷೆಯ ‘ವಾನ್’ ಮುಂದೆ ಇವರ ಹೆಸರಿಗೆ ಸೇರಿಕೊಂಡಿತು.

ಬುಡಾಪೆಸ್ಟಿನ ಲೂಥರನ್ ಪ್ರೌಢಶಾಲೆಯಲ್ಲಿ ಇವರ ಗಣಿತದ ಉಪಾಧ್ಯಾಯರಾಗಿದ್ದವರು ಲಾಸ್ಲೊ ರಾಟ್ಸ್. ಹುಡುಗನ ಪ್ರತಿಭೆಯನ್ನು ಬಹುಬೇಗ ಗುರುತಿಸಿದ ರಾಟ್ಸ್, ಶಾಲೆಯ ಪಾಠ ಇವನಿಗೆ ಸಾಲದೆಂದು ತಂದೆಗೆ ತಿಳಿಸಿ, ವಿಶ್ವವಿದ್ಯಾಲಯದ ಗಣಿತಜ್ಞರಿಂದ ಪ್ರತ್ಯೇಕ ಪಾಠದ ಏರ್ಪಾಡು ಮಾಡಿಸಿದರು. ಹಾಗೆ ಪಾಠ ಹೇಳಿದವರಲ್ಲಿ ಗಾಬರ್ ಸೆಗೊ ಒಬ್ಬರು. ಮುಂದೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಯೂಜೀನ್ ವಿಗ್ನರ್ ಇದೇ ಶಾಲೆಯಲ್ಲಿ ಇವರಿಗಿಂತ ಒಂದು ತರಗತಿ ಮುಂದಿದ್ದರು. ವಿಗ್ನರ್ ತಮ್ಮ ಜೀವನದುದ್ದಕ್ಕೂ ರಾಟ್ಸ್ ಅವರನ್ನು ಕೃತಜ್ಞತೆಯಿಂದ ಸ್ಮರಿಸಿದರು.

ಮೊದಲನೆಯ ಮಹಾಯುದ್ಧದ ನಂತರ ಹಂಗೇರಿಯಲ್ಲಿ ರಾಜಕೀಯ ಕ್ಷೋಭೆ ಉಂಟಾಯಿತು. 1919ರಲ್ಲಿ ಬೇಲಾ ಕುನ್ ನೇತೃತ್ವದ ಕಮ್ಯುನಿಸ್ಟ್ ಸರ್ಕಾರ ಕೆಲವು ತಿಂಗಳು ಆಳಿದಾಗ ಕುಟುಂಬವು ಆಸ್ಟ್ರಿಯಾಕ್ಕೆ ತೆರಳಿತ್ತು. ಅದರ ಪತನಾನಂತರ ಬಂದ ಆಡಳಿತವು 1920ರಲ್ಲಿ ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹೇರುವ ಕಾನೂನನ್ನು ತಂದಿತು. ಗಣಿತದಿಂದ ಜೀವನೋಪಾಯ ಕಷ್ಟವೆಂದು ಭಾವಿಸಿದ ತಂದೆಯ ಇಚ್ಛೆಯಂತೆ ವಾನ್ ನ್ಯೂಮನ್ ಬರ್ಲಿನ್ ಮತ್ತು ಜ್ಯೂರಿಕ್‌ಗಳಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಓದಿದರು. ಅದರ ಜೊತೆಜೊತೆಗೇ ಬುಡಾಪೆಸ್ಟ್ ವಿಶ್ವವಿದ್ಯಾಲಯದಲ್ಲಿ ಗಣಿತದ ಸಂಶೋಧನೆ ನಡೆಸಿ, ಗಣಸಿದ್ಧಾಂತದ ಮೂಲತತ್ವಗಳನ್ನು ಕುರಿತ ಪ್ರಬಂಧಕ್ಕೆ 1926ರಲ್ಲಿ ಡಾಕ್ಟರೇಟ್ ಪಡೆದರು.

ಯುರೋಪಿನಿಂದ ಪ್ರಿನ್ಸ್‌ಟನ್‌ಗೆ

1926–27ರಲ್ಲಿ ಗಟಿಂಗೆನ್‌ನಲ್ಲಿ ಡೇವಿಡ್ ಹಿಲ್ಬರ್ಟ್ ಅವರ ಬಳಗದಲ್ಲಿದ್ದ ವಾನ್ ನ್ಯೂಮನ್, ಅನಂತರ ಬರ್ಲಿನ್ ಮತ್ತು ಹ್ಯಾಂಬರ್ಗ್‌ಗಳಲ್ಲಿ ಬೋಧಿಸಿದರು. ಕ್ವಾಂಟಮ್ ಭೌತಶಾಸ್ತ್ರಕ್ಕೆ ಗಣಿತದ ಭದ್ರ ತಳಹದಿ ಒದಗಿಸಿದ ಅವರ ಜರ್ಮನ್ ಗ್ರಂಥ 1932ರಲ್ಲಿ ಪ್ರಕಟವಾಯಿತು. 1930ರಿಂದ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿಯೂ ಪಾಠ ಹೇಳುತ್ತಿದ್ದ ಅವರನ್ನು, ಅದೇ ಊರಿನಲ್ಲಿ ಹೊಸದಾಗಿ ಸ್ಥಾಪನೆಯಾಗಿದ್ದ ಉನ್ನತ ಅಧ್ಯಯನ ಸಂಸ್ಥೆಯು 1933ರಲ್ಲಿ ಪ್ರಾಧ್ಯಾಪಕರನ್ನಾಗಿ ನೇಮಿಸಿಕೊಂಡಿತು. ಆಲ್ಬರ್ಟ್ ಐನ್‌ಸ್ಟೈನ್ ಆ ಸಂಸ್ಥೆಯ ಮೊದಲ ಪ್ರಾಧ್ಯಾಪಕರಲ್ಲಿ ಒಬ್ಬರು. ಜರ್ಮನಿಯಲ್ಲಿ ನಾಜಿಗಳು ಅಧಿಕಾರಕ್ಕೆ ಬಂದದ್ದೂ ಅದೇ ವರ್ಷ. 1937ರಲ್ಲಿ ವಾನ್ ನ್ಯೂಮನ್ ಅಮೆರಿಕದ ಪೌರತ್ವ ಪಡೆದರು.

1930ರಲ್ಲಿ ಮಾರಿಯೆಟ್ ಕೋವೆಶಿ ಅವರನ್ನು ವಿವಾಹವಾದರು. 1935ರಲ್ಲಿ ಮಗಳು ಮರೀನಾ ಜನಿಸಿದಳು. 1937ರಲ್ಲಿ ಈ ವಿವಾಹ ವಿಚ್ಛೇದನದಲ್ಲಿ ಕೊನೆಗೊಂಡಿತು. ಮರುವರ್ಷ ಅವರು ಬುಡಾಪೆಸ್ಟಿನವರೇ ಆದ ಕ್ಲಾರಾ ಡಾನ್ ಅವರನ್ನು ಮದುವೆಯಾದರು. ಕ್ಲಾರಾ ಮುಂದೆ ಗಣಕಯಂತ್ರಗಳಿಗೆ ಕ್ರಮವಿಧಿ ಬರೆದ ಮೊದಲ ತಲೆಮಾರಿನವರಲ್ಲಿ ಒಬ್ಬರಾದರು.

ಆಟದ ಸಿದ್ಧಾಂತ

1928ರಲ್ಲಿ ವಾನ್ ನ್ಯೂಮನ್ ಪ್ರಕಟಿಸಿದ ಪ್ರಬಂಧವೊಂದು ಆಟದ ಸಿದ್ಧಾಂತಕ್ಕೆ ಅಡಿಗಲ್ಲಾಯಿತು. ಒಬ್ಬರ ಲಾಭವೆಲ್ಲ ಇನ್ನೊಬ್ಬರ ನಷ್ಟವೇ ಆಗಿರುವ ಇಬ್ಬರ ಆಟದಲ್ಲಿ, ಪ್ರತಿಯೊಬ್ಬರಿಗೂ ತಮ್ಮ ಗರಿಷ್ಠ ನಷ್ಟವನ್ನು ಆದಷ್ಟು ಕಡಿಮೆ ಮಾಡುವ ತಂತ್ರವೊಂದು ಇದ್ದೇ ಇರುತ್ತದೆ, ಮತ್ತು ಇಬ್ಬರೂ ಹಾಗೆ ಆಡಿದಾಗ ಆಟದ ಫಲ ಒಂದು ನಿಶ್ಚಿತ ಬೆಲೆಯಲ್ಲಿ ನಿಲ್ಲುತ್ತದೆ ಎಂದು ಅದರಲ್ಲಿ ಅವರು ಸಾಧಿಸಿ ತೋರಿಸಿದರು. ಒಂದೇ ಹೋಳಿಗೆಯನ್ನು ಇಬ್ಬರು ಮಕ್ಕಳು ಹಂಚಿಕೊಳ್ಳಬೇಕಾದಾಗ ಒಬ್ಬನು ಮುರಿದು ಇನ್ನೊಬ್ಬನು ಆರಿಸಿಕೊಳ್ಳುವ ಪದ್ಧತಿಯನ್ನು ಇದಕ್ಕೆ ಸರಳ ಉದಾಹರಣೆಯಾಗಿ ಕೊಡಬಹುದು. ದೊಡ್ಡ ತುಂಡು ಎದುರಿನವನಿಗೆ ಹೋಗುವುದೆಂದು ತಿಳಿದ ಮುರಿಯುವವನು ಸಮಭಾಗ ಮಾಡುವುದೇ ತನಗೆ ಕ್ಷೇಮವೆಂದು ಕಂಡುಕೊಳ್ಳುತ್ತಾನೆ.

ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗನ್‌ಸ್ಟರ್ನ್ ಅವರೊಡನೆ ಸೇರಿ ಈ ವಿಚಾರವನ್ನು ವಿಸ್ತರಿಸಿ ಬರೆದ ಬೃಹತ್ ಗ್ರಂಥವು 1944ರಲ್ಲಿ ಪ್ರಕಟವಾಯಿತು. ಇಬ್ಬರಿಗಿಂತ ಹೆಚ್ಚು ಆಟಗಾರರಿದ್ದಾಗ ಅವರು ಕಟ್ಟಿಕೊಳ್ಳುವ ಕೂಟಗಳ ವಿವೇಚನೆಯೂ ಅದರಲ್ಲಿದೆ. ಅನೇಕ ಸ್ವತಂತ್ರ ನಿರ್ಧಾರಕರ್ತರು ಒಬ್ಬರನ್ನೊಬ್ಬರು ಅವಲಂಬಿಸಿ ವರ್ತಿಸುವ ಸನ್ನಿವೇಶಕ್ಕೆ ಗಣಿತದ ಭಾಷೆ ದೊರೆತದ್ದು ಈ ಗ್ರಂಥದಿಂದ. ಆದರೆ ಅದರಲ್ಲಿನ ಆಟಗಾರರು ಪೂರ್ಣ ವಿವೇಕಿಗಳು. ಅವರು ಆಟದ ನಿಯಮಗಳನ್ನೆಲ್ಲ ಬಲ್ಲವರು, ಲೆಕ್ಕದಲ್ಲಿ ತಪ್ಪದವರು. ತಪ್ಪುತ್ತ ಕಲಿಯುವ ಆಟಗಾರನಿಗೆ ಅಲ್ಲಿ ಸ್ಥಳವಿರಲಿಲ್ಲ.

ಯುದ್ಧಕಾಲದ ಕಾರ್ಯ

1943ರಿಂದ ವಾನ್ ನ್ಯೂಮನ್ ಅಮೆರಿಕದ ಅಣ್ವಸ್ತ್ರ ಯೋಜನೆಯ ಕೇಂದ್ರವಾಗಿದ್ದ ಲಾಸ್ ಅಲಮೋಸ್‌ಗೆ ಸಲಹೆಗಾರರಾದರು. ಪ್ಲುಟೋನಿಯಂ ಗೋಳವನ್ನು ಸುತ್ತಲಿನ ಸ್ಫೋಟಕಗಳಿಂದ ಎಲ್ಲ ದಿಕ್ಕುಗಳಿಂದಲೂ ಏಕಕಾಲದಲ್ಲಿ ಒಳಕ್ಕೆ ಒತ್ತುವ ವಿಧಾನದ ಲೆಕ್ಕಾಚಾರದಲ್ಲಿ ಅವರ ಪಾತ್ರ ಮಹತ್ವದ್ದು. 1945ರ ಜುಲೈ 16ರಂದು ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ ಪರೀಕ್ಷಿಸಿದ ಬಾಂಬು ಮತ್ತು ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಹಾಕಿದ ಬಾಂಬು ಈ ವಿಧಾನದವು. ಬಾಂಬು ಹಾಕಬೇಕಾದ ನಗರಗಳನ್ನು ಚರ್ಚಿಸಿದ ಸಮಿತಿಯಲ್ಲಿಯೂ ಅವರಿದ್ದರು. ಯುದ್ಧಾನಂತರ ಹೈಡ್ರೋಜನ್ ಬಾಂಬಿನ ಕಾರ್ಯವನ್ನು ಬೆಂಬಲಿಸಿದರು. ಸೋವಿಯತ್ ಒಕ್ಕೂಟದ ವಿಷಯದಲ್ಲಿ ಅತ್ಯಂತ ಕಠಿಣ ನಿಲುವು ತಳೆದಿದ್ದರು. ಈ ನಿಲುವು ಅವರ ಜೀವಿತದಲ್ಲಿಯೂ ಅನಂತರವೂ ತೀವ್ರ ಟೀಕೆಗೆ ಒಳಗಾಗಿದೆ. ಆದರೆ 1954ರಲ್ಲಿ ರಾಬರ್ಟ್ ಒಪೆನ್‌ಹೈಮರ್ ಅವರ ದೇಶನಿಷ್ಠೆಯನ್ನು ಶಂಕಿಸಿ ವಿಚಾರಣೆ ನಡೆದಾಗ, ಹೈಡ್ರೋಜನ್ ಬಾಂಬಿನ ವಿಷಯದಲ್ಲಿ ತಮಗೆ ಅವರೊಡನೆ ಭಿನ್ನಾಭಿಪ್ರಾಯವಿದ್ದರೂ, ವಾನ್ ನ್ಯೂಮನ್ ಅವರ ಪರವಾಗಿಯೇ ಸಾಕ್ಷ್ಯ ನುಡಿದರು.

ಗಣಕಯಂತ್ರದ ವಿನ್ಯಾಸ

ಬಾಂಬಿನ ಲೆಕ್ಕಗಳ ಭಾರವೇ ವಾನ್ ನ್ಯೂಮನ್ ಅವರನ್ನು ಗಣಕಯಂತ್ರದ ಕಡೆಗೆ ತಿರುಗಿಸಿತು. 1944ರ ಬೇಸಿಗೆಯಲ್ಲಿ ಅಬರ್ಡೀನ್ ರೈಲು ನಿಲ್ದಾಣದಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಅವರ ಭೇಟಿಯಾಗಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಿರ್ಮಾಣವಾಗುತ್ತಿದ್ದ ಎನಿಯಾಕ್ ಯಂತ್ರದ ವಿಷಯ ತಿಳಿಯಿತು. ಅದರ ಮುಂದಿನ ಯಂತ್ರವಾದ ಎಡ್ವಾಕ್ ಕುರಿತು 1945ರ ಜೂನ್‌ನಲ್ಲಿ ಅವರ ಹೆಸರಿನಲ್ಲಿ ಹೊರಬಂದ ವರದಿಯು, ದತ್ತಾಂಶ ಮತ್ತು ಸೂಚನೆಗಳೆರಡನ್ನೂ ಒಂದೇ ಸ್ಮೃತಿಯಲ್ಲಿ ಇರಿಸುವ ವಿನ್ಯಾಸವನ್ನು ನಿರೂಪಿಸಿತು. ಈ ವಿನ್ಯಾಸ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧ. ಎನಿಯಾಕ್ ನಿರ್ಮಿಸಿದ ಪ್ರೆಸ್ಪರ್ ಎಕರ್ಟ್ ಮತ್ತು ಜಾನ್ ಮಾಕ್ಲಿ ತಮಗೆ ಸಲ್ಲಬೇಕಾದ ಶ್ರೇಯಸ್ಸು ಇದರಿಂದ ತಪ್ಪಿತೆಂದು ಆಕ್ಷೇಪಿಸಿದರು. ಇತಿಹಾಸಕಾರರು ಅವರ ಪಾಲನ್ನು ಒಪ್ಪುತ್ತಾರೆ.

ಪ್ರಿನ್ಸ್‌ಟನ್ ಸಂಸ್ಥೆಯಲ್ಲಿ ವಾನ್ ನ್ಯೂಮನ್ ಅವರ ನೇತೃತ್ವದಲ್ಲಿ, ಜೂಲಿಯನ್ ಬಿಗೆಲೊ ಅವರ ಎಂಜಿನಿಯರಿಂಗ್ ಹೊಣೆಯಲ್ಲಿ ನಿರ್ಮಾಣವಾದ ಗಣಕಯಂತ್ರವು 1952ರಲ್ಲಿ ಅಧಿಕೃತವಾಗಿ ಉದ್ಘಾಟನೆಗೊಂಡಿತು. 40 ಬಿಟ್‌ಗಳ 1024 ಪದಗಳು, ಅಂದರೆ ಸುಮಾರು 5 ಕಿಲೋಬೈಟ್, ಅದರ ಒಟ್ಟು ಸ್ಮೃತಿ. ಅದರ ವಿನ್ಯಾಸವನ್ನು ಗುಟ್ಟಾಗಿ ಇಡದೆ ಇತರ ಸಂಸ್ಥೆಗಳಿಗೆ ಹಂಚಿದ್ದರಿಂದ ಅನೇಕ ದೇಶಗಳಲ್ಲಿ ಅದೇ ಮಾದರಿಯ ಯಂತ್ರಗಳು ಹುಟ್ಟಿಕೊಂಡವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಿರ್ಮಾಣವಾಗಿ 1960ರಲ್ಲಿ ಕಾರ್ಯಾರಂಭ ಮಾಡಿದ ಟಿಫ್ರ್ಯಾಕ್ ಆ ಪರಂಪರೆಗೆ ಸೇರಿದ ಭಾರತೀಯ ಯಂತ್ರ.

ತನ್ನನ್ನು ತಾನೇ ನಿರ್ಮಿಸುವ ಯಂತ್ರ

ಯಂತ್ರವೊಂದು ತಯಾರಿಸುವ ವಸ್ತುವು ಸಾಮಾನ್ಯವಾಗಿ ಆ ಯಂತ್ರಕ್ಕಿಂತ ಸರಳವಾಗಿರುತ್ತದೆ. ಜೀವಲೋಕದಲ್ಲಿ ಹಾಗಲ್ಲ. ಜೀವಿಯು ತನ್ನಷ್ಟೇ ಸಂಕೀರ್ಣವಾದ ಸಂತತಿಯನ್ನು ಪಡೆಯುತ್ತದೆ. ದೀರ್ಘಕಾಲದಲ್ಲಿ ಸರಳ ಜೀವಿಗಳಿಂದ ಸಂಕೀರ್ಣ ಜೀವಿಗಳೂ ವಿಕಾಸಗೊಂಡಿವೆ. ಯಂತ್ರಕ್ಕೂ ಇದು ಸಾಧ್ಯವೆ ಎಂಬ ಪ್ರಶ್ನೆಯನ್ನು ವಾನ್ ನ್ಯೂಮನ್ ಗಣಿತದ ಪ್ರಶ್ನೆಯನ್ನಾಗಿ ಮಾಡಿದರು. 1948ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ನಡೆದ ಹಿಕ್ಸನ್ ವಿಚಾರ ಸಂಕಿರಣದಲ್ಲಿಯೂ, 1949ರ ಡಿಸೆಂಬರ್‌ನಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನೀಡಿದ ಐದು ಉಪನ್ಯಾಸಗಳಲ್ಲಿಯೂ ಇದಕ್ಕೆ ಉತ್ತರವನ್ನು ಮಂಡಿಸಿದರು.

ಇಲ್ಲಿ ಎದುರಾಗುವ ತೊಡಕು ಹೀಗಿದೆ. ಯಂತ್ರವು ತನ್ನ ಪ್ರತಿಯನ್ನು ನಿರ್ಮಿಸಲು ಅದಕ್ಕೆ ತನ್ನದೇ ವಿವರಣೆ ಬೇಕು. ಆ ವಿವರಣೆಯು ಯಂತ್ರದ ಭಾಗವೇ ಆದರೆ ವಿವರಣೆಯೊಳಗೆ ವಿವರಣೆಯ ವಿವರಣೆಯೂ ಇರಬೇಕಾಗಿ, ಅದಕ್ಕೆ ಕೊನೆಯೇ ಇರುವುದಿಲ್ಲ. ವಾನ್ ನ್ಯೂಮನ್ ವಿವರಣೆಯನ್ನು ಒಂದು ಪಟ್ಟಿಯ ಮೇಲೆ ಬರೆದಿಟ್ಟು, ಅದನ್ನು ಎರಡು ರೀತಿಗಳಲ್ಲಿ ಬಳಸುವ ಮೂಲಕ ಈ ತೊಡಕನ್ನು ನಿವಾರಿಸಿದರು. ಯಂತ್ರದ ಒಂದು ಭಾಗವು ಪಟ್ಟಿಯನ್ನು ಓದಿ, ಅರ್ಥಮಾಡಿಕೊಂಡು, ಅದರಂತೆ ಹೊಸ ಯಂತ್ರವನ್ನು ಕಟ್ಟುತ್ತದೆ. ಇನ್ನೊಂದು ಭಾಗವು ಅರ್ಥದ ಗೊಡವೆಗೆ ಹೋಗದೆ ಪಟ್ಟಿಯನ್ನು ಅಕ್ಷರಶಃ ನಕಲು ಮಾಡಿ ಹೊಸ ಯಂತ್ರಕ್ಕೆ ಜೋಡಿಸುತ್ತದೆ.

ತಾಳೆಗರಿಯ ಗ್ರಂಥವನ್ನು ಪ್ರತಿ ಮಾಡುವ ಲಿಪಿಕಾರನಿಗೆ ಈ ಎರಡನೆಯ ಭಾಗವನ್ನು ಹೋಲಿಸಬಹುದು. ಅವನ ಕೈಯಲ್ಲಿ ಒಂದು ಅಕ್ಷರ ತಪ್ಪಿದರೆ, ಆ ಪ್ರತಿಯಿಂದ ಮುಂದೆ ಹುಟ್ಟುವ ಪ್ರತಿಗಳಲ್ಲೆಲ್ಲ ಅದೇ ಪಾಠಾಂತರ ಉಳಿಯುತ್ತದೆ. ಹಾಗೆಯೇ ವಿವರಣೆಯ ಪಟ್ಟಿಯಲ್ಲಾದ ಬದಲಾವಣೆಯು ಸಂತತಿಗೆ ದಾಟುತ್ತದೆ; ಯಂತ್ರದ ದೇಹದಲ್ಲಷ್ಟೇ ಆದ ಬದಲಾವಣೆ ದಾಟುವುದಿಲ್ಲ. ಅನೇಕ ಬದಲಾವಣೆಗಳು ಮಾರಕವಾಗಿರುತ್ತವೆ, ಕೆಲವು ಉಳಿದು ಬಾಳುತ್ತವೆ. ಸಂಕೀರ್ಣತೆಯು ಒಂದು ಮಿತಿಗಿಂತ ಕೆಳಗಿರುವ ಯಂತ್ರಗಳು ತಮಗಿಂತ ಕ್ಷೀಣವಾದುದನ್ನೇ ಹುಟ್ಟಿಸಬಲ್ಲವು, ಆ ಮಿತಿಯನ್ನು ದಾಟಿದವು ತಮ್ಮಷ್ಟೇ ಅಥವಾ ತಮಗಿಂತ ಹೆಚ್ಚು ಸಂಕೀರ್ಣವಾದುದನ್ನು ಹುಟ್ಟಿಸಬಲ್ಲವು ಎಂಬುದು ವಾನ್ ನ್ಯೂಮನ್ ಅವರ ನಿರ್ಣಯ. ಡಿಎನ್‌ಎಯ ಜೋಡಿಸುರುಳಿ ರಚನೆ ಪ್ರಕಟವಾದದ್ದು 1953ರಲ್ಲಿ. ಜೀವಕೋಶದಲ್ಲಿ ಆನುವಂಶಿಕ ಬರಹವು ಒಮ್ಮೆ ಓದಲ್ಪಡುವುದಕ್ಕೂ ಒಮ್ಮೆ ನಕಲಾಗುವುದಕ್ಕೂ ಬಳಕೆಯಾಗುತ್ತದೆ ಎಂಬ ತರ್ಕವು ಅದಕ್ಕಿಂತ ಮೊದಲೇ ಈ ಉಪನ್ಯಾಸಗಳಲ್ಲಿ ರೂಪುಗೊಂಡಿತ್ತು.

ಮೊದಲ ಮಾದರಿಯಲ್ಲಿ ವಾನ್ ನ್ಯೂಮನ್ ಜಲಾಶಯವೊಂದರಲ್ಲಿ ತೇಲುವ ಬಿಡಿಭಾಗಗಳನ್ನು ಹೆಕ್ಕಿ ಜೋಡಿಸುವ ಯಂತ್ರವನ್ನು ಕಲ್ಪಿಸಿಕೊಂಡಿದ್ದರು. ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಅವರ ಸಲಹೆಯಂತೆ ಅದನ್ನು ಬಿಟ್ಟು, ಚದುರಂಗದ ಹಾಸಿನಂತೆ ಚೌಕಗಳಾಗಿ ಹರಡಿದ ಕೋಶಗಳ ಮಾದರಿಯನ್ನು ಕೈಗೆತ್ತಿಕೊಂಡರು. ಪ್ರತಿ ಕೋಶವೂ 29 ಸ್ಥಿತಿಗಳಲ್ಲಿ ಒಂದರಲ್ಲಿರುತ್ತದೆ. ಅದರ ಮುಂದಿನ ಸ್ಥಿತಿಯನ್ನು ನಿರ್ಧರಿಸುವುದು ಅದರ ಈಗಿನ ಸ್ಥಿತಿ ಮತ್ತು ಅಕ್ಕಪಕ್ಕದ ನಾಲ್ಕು ಕೋಶಗಳ ಸ್ಥಿತಿ ಮಾತ್ರ. ಇಡೀ ಹಾಸನ್ನು ನೋಡುವ ಅಥವಾ ಆಳುವ ಕೇಂದ್ರವಿಲ್ಲ. ತನ್ನ ನೆರೆಯನ್ನಷ್ಟೇ ಬಲ್ಲ ಘಟಕಗಳ ವರ್ತನೆಯಿಂದ ಒಟ್ಟಿನಲ್ಲಿ ಉದ್ದೇಶಪೂರ್ಣವಾದ ಕಾರ್ಯ ನಡೆಯಬಹುದೆಂಬ ಈ ತತ್ವವೇ ಇಂದಿನ ಬಹು-ಏಜೆಂಟ್ ವ್ಯವಸ್ಥೆಗಳ ಜೀವಾಳ. 1952ರ ಜನವರಿಯ ಉಪನ್ಯಾಸಗಳಲ್ಲಿ ವಾನ್ ನ್ಯೂಮನ್ ಇನ್ನೊಂದು ಪ್ರಶ್ನೆಯನ್ನೂ ಬಿಡಿಸಿದರು: ಆಗಾಗ ತಪ್ಪುವ ಭಾಗಗಳಿಂದಲೇ, ಒಂದೇ ಕೆಲಸವನ್ನು ಹಲವಕ್ಕೆ ಒಪ್ಪಿಸಿ ಬಹುಮತವನ್ನು ಸ್ವೀಕರಿಸುವ ಮೂಲಕ, ನಂಬಲರ್ಹವಾದ ಇಡಿಯನ್ನು ಕಟ್ಟಬಹುದು.

ಸ್ವಯಂಚಾಲಿತ ಯಂತ್ರಗಳ ಸಿದ್ಧಾಂತಕ್ಕೆ ಐದು ಮಾದರಿಗಳನ್ನು ಅವರು ಯೋಜಿಸಿದ್ದರು. ವಿಸ್ತಾರವಾಗಿ ಬೆಳೆದದ್ದು ಕೋಶಗಳ ಮಾದರಿಯೊಂದೇ. 1952–53ರಲ್ಲಿ ಬರೆಯುತ್ತಿದ್ದ ಆ ಹಸ್ತಪ್ರತಿಯೂ ಅರ್ಧಕ್ಕೆ ನಿಂತಿತು.

ಬಾರಿಚೆಲ್ಲಿಯ ಪ್ರಯೋಗಗಳು

ವಾನ್ ನ್ಯೂಮನ್ ಸ್ವತಃ ಗಣಕಯಂತ್ರದಲ್ಲಿ ವಿಕಾಸದ ಪ್ರಯೋಗ ನಡೆಸಲಿಲ್ಲ. ಆದರೆ ಅವರ ಯಂತ್ರದಲ್ಲಿಯೇ ಅದು ನಡೆಯಿತು. ನಾರ್ವೆ-ಇಟಲಿ ಮೂಲದ ನೀಲ್ಸ್ ಆಲ್ ಬಾರಿಚೆಲ್ಲಿ 1953ರಲ್ಲಿ ಪ್ರಿನ್ಸ್‌ಟನ್‌ಗೆ ಬಂದು, ಬಾಂಬು ಮತ್ತು ಹವಾಮಾನದ ಲೆಕ್ಕಗಳ ನಡುವೆ ದೊರೆತ ಸಮಯದಲ್ಲಿ, 512 ಮನೆಗಳ ಸಾಲೊಂದರಲ್ಲಿ ಸಂಖ್ಯೆಗಳನ್ನು ಜೀವಿಗಳಂತೆ ಬೆಳೆಯಲು ಬಿಟ್ಟರು. ಪ್ರತಿ ಸಂಖ್ಯೆಯೂ ತನ್ನ ಬೆಲೆ ಎಷ್ಟೋ ಅಷ್ಟು ಮನೆಗಳ ದೂರಕ್ಕೆ ತನ್ನ ಪ್ರತಿಯನ್ನು ಕಳುಹಿಸುತ್ತಿತ್ತು. ಎರಡು ಸಂಖ್ಯೆಗಳು ಒಂದೇ ಮನೆಯಲ್ಲಿ ಸಂಧಿಸಿದರೆ ನಿಯಮಾನುಸಾರ ಮಾರ್ಪಾಡು ಉಂಟಾಗುತ್ತಿತ್ತು. ಒಂಟಿ ಸಂಖ್ಯೆಗಳ ಸ್ಪರ್ಧೆಗಿಂತ, ಪರಸ್ಪರ ನೆರವಾಗಿ ಒಟ್ಟಿಗೆ ಬಾಳುವ ಸಂಖ್ಯಾಗುಂಪುಗಳೇ ವಿಕಾಸಕ್ಕೆ ಮುಖ್ಯವೆಂದು ಬಾರಿಚೆಲ್ಲಿ ಕಂಡುಕೊಂಡರು. ಮುಂದೆ ಇಂತಹ ಗುಂಪುಗಳಿಗೆ ಟ್ಯಾಕ್ ಟಿಕ್ಸ್ ಎಂಬ ಸರಳ ಆಟವನ್ನು ಆಡಿಸಿ, ಆಡುವ ಕೌಶಲವೇ ಉಳಿವಿನ ಅಳತೆಗೋಲಾಗುವಂತೆ ಮಾಡಿದರು. ಗಣಕಯಂತ್ರದಲ್ಲಿ ಕೃತಕ ವಿಕಾಸವನ್ನು ನಡೆಸಿದ ಅತ್ಯಂತ ಹಳೆಯ ಪ್ರಯೋಗಗಳಲ್ಲಿ ಇವನ್ನು ಎಣಿಸಲಾಗುತ್ತದೆ.

ಕೊನೆಯ ವರ್ಷಗಳು

1955ರ ಮಾರ್ಚ್‌ನಲ್ಲಿ ವಾನ್ ನ್ಯೂಮನ್ ಅಮೆರಿಕದ ಪರಮಾಣು ಶಕ್ತಿ ಆಯೋಗದ ಸದಸ್ಯರಾಗಿ ಅಧಿಕಾರ ವಹಿಸಿಕೊಂಡರು. ಅದೇ ಬೇಸಿಗೆಯಲ್ಲಿ ಅವರಿಗೆ ಕ್ಯಾನ್ಸರ್ ಇರುವುದು ಪತ್ತೆಯಾಯಿತು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರಿಂದ ಸ್ವಾತಂತ್ರ್ಯ ಪದಕವನ್ನು ಸ್ವೀಕರಿಸುವಾಗ ಗಾಲಿಕುರ್ಚಿಯಲ್ಲಿದ್ದರು. ಯೇಲ್ ವಿಶ್ವವಿದ್ಯಾಲಯದ ಸಿಲಿಮನ್ ಉಪನ್ಯಾಸಗಳಿಗಾಗಿ ಗಣಕಯಂತ್ರ ಮತ್ತು ಮಿದುಳನ್ನು ಹೋಲಿಸುವ ಬರವಣಿಗೆಯನ್ನು ಆರಂಭಿಸಿದ್ದರು. ಉಪನ್ಯಾಸ ನೀಡಲು ದೇಹಸ್ಥಿತಿ ಅವಕಾಶ ಕೊಡಲಿಲ್ಲ. ಬರೆದು ಮುಗಿಸಲೂ ಆಗಲಿಲ್ಲ. ಬಾಲ್ಯದಿಂದಲೂ ಅಸಾಧಾರಣ ಸ್ಮರಣಶಕ್ತಿಗೆ ಹೆಸರಾಗಿದ್ದ ಅವರಿಗೆ ತಮ್ಮ ಬುದ್ಧಿಶಕ್ತಿ ಕುಂದುತ್ತಿರುವ ಅರಿವೇ ಕಾಯಿಲೆಗಿಂತ ದೊಡ್ಡ ಯಾತನೆಯಾಗಿತ್ತೆಂದು ನಿಕಟವರ್ತಿಗಳು ದಾಖಲಿಸಿದ್ದಾರೆ. ರಕ್ಷಣಾ ರಹಸ್ಯಗಳನ್ನು ಬಲ್ಲವರಾದ ಕಾರಣ ಆಸ್ಪತ್ರೆಯಲ್ಲಿಯೂ ಅವರ ಬಳಿ ಸೈನಿಕ ಕಾವಲಿತ್ತು. 1957ರ ಫೆಬ್ರವರಿ 8ರಂದು ವಾಷಿಂಗ್ಟನ್‌ನ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯಲ್ಲಿ ನಿಧನರಾದರು. ಪ್ರಿನ್ಸ್‌ಟನ್‌ನಲ್ಲಿ ಅವರ ಸಮಾಧಿಯಿದೆ. ಅಪೂರ್ಣವಾಗಿದ್ದ ಸಿಲಿಮನ್ ಉಪನ್ಯಾಸಗಳು ಕ್ಲಾರಾ ಅವರ ಮುನ್ನುಡಿಯೊಂದಿಗೆ 1958ರಲ್ಲಿ ಪುಸ್ತಕವಾಗಿ ಬಂದವು.

ಅನಂತರದ ಪ್ರಭಾವ

ಪ್ರಿನ್ಸ್‌ಟನ್ ಯಂತ್ರದ ವಿನ್ಯಾಸದಲ್ಲಿ ಸಹೋದ್ಯೋಗಿಯಾಗಿದ್ದ ಆರ್ಥರ್ ಬರ್ಕ್ಸ್, ಸ್ವಪುನರುತ್ಪಾದಕ ಯಂತ್ರಗಳ ಹಸ್ತಪ್ರತಿಯನ್ನು ಸಂಪಾದಿಸಿ, ಬಿಟ್ಟುಹೋದ ಭಾಗಗಳನ್ನು ಪೂರೈಸಿ 1966ರಲ್ಲಿ ಪ್ರಕಟಿಸಿದರು. ಬರ್ಕ್ಸ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಸಂಶೋಧನಾ ಬಳಗದಿಂದ ಬಂದವರು ಜಾನ್ ಹಾಲೆಂಡ್. ಪರಿಹಾರಗಳನ್ನು ಅಕ್ಷರಮಾಲೆಗಳಾಗಿ ಬರೆದು, ಅವುಗಳಲ್ಲಿ ಉತ್ತಮವಾದವನ್ನು ಆರಿಸಿ, ಬೆರೆಸಿ, ಅಲ್ಪಸ್ವಲ್ಪ ಮಾರ್ಪಡಿಸಿ ಹೊಸ ಪೀಳಿಗೆ ಪಡೆಯುವ ಜೆನೆಟಿಕ್ ಅಲ್ಗಾರಿದಮ್ ಎಂಬ ವಿಧಾನವನ್ನು ಹಾಲೆಂಡ್ ರೂಪಿಸಿದರು. ಅದನ್ನು ಕುರಿತ ಅವರ ಪ್ರಸಿದ್ಧ ಗ್ರಂಥ 1975ರದು. ಕೋಶಗಳ ಮಾದರಿಯು 1970ರಲ್ಲಿ ಪ್ರಸಿದ್ಧಿಗೆ ಬಂದ ಜಾನ್ ಕಾನ್‌ವೇ ಅವರ ‘ಲೈಫ್’ ಎಂಬ ಎರಡೇ ಸ್ಥಿತಿಗಳ ಆಟದ ಮೂಲಕ ಜನಪ್ರಿಯವಾಯಿತು.

ಆಟದ ಸಿದ್ಧಾಂತ ಮತ್ತು ವಿಕಾಸಗಳ ಬೆಸುಗೆ ಬೇರೆಯವರಿಂದ ನಡೆಯಿತು. 1973ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್, ಪ್ರಾಣಿಗಳ ಕಾದಾಟವನ್ನು ಆಟವಾಗಿ ಪರಿಗಣಿಸಿದರು. ಇಲ್ಲಿ ಆಟಗಾರನು ಲೆಕ್ಕ ಹಾಕುವುದಿಲ್ಲ. ಒಳ್ಳೆಯ ತಂತ್ರವುಳ್ಳವನ ಸಂತತಿ ಹೆಚ್ಚುತ್ತದೆ, ಅಷ್ಟೆ. 1987ರಲ್ಲಿ ಮಿಷಿಗನ್‌ನವರೇ ಆದ ರಾಬರ್ಟ್ ಆಕ್ಸೆಲ್‌ರಾಡ್, ಸಹಕರಿಸಬೇಕೆ ವಂಚಿಸಬೇಕೆ ಎಂಬ ನಿರ್ಧಾರವನ್ನು ಮತ್ತೆ ಮತ್ತೆ ಎದುರಿಸಬೇಕಾದ ‘ಕೈದಿಗಳ ಇಕ್ಕಟ್ಟು’ ಆಟಕ್ಕೆ ಹಾಲೆಂಡ್ ಅವರ ವಿಧಾನವನ್ನು ಅನ್ವಯಿಸಿದರು. ಹಿಂದಿನ ಮೂರು ಸುತ್ತುಗಳನ್ನು ನೆನಪಿಟ್ಟುಕೊಂಡು ಆಡುವ ತಂತ್ರವೊಂದನ್ನು 70 ಗುಣಾಣುಗಳ ಸಾಲಾಗಿ ಬರೆದು, ಪೀಳಿಗೆಗಳ ಮೂಲಕ ಬೆಳೆಸಿದಾಗ, ಯಾರೂ ಹೇಳಿಕೊಡದೆಯೇ ಸಹಕಾರಕ್ಕೆ ಸಹಕಾರ, ವಂಚನೆಗೆ ಶಿಕ್ಷೆ ಎಂಬಂತಹ ನಡವಳಿಕೆ ಮೂಡಿಬಂದಿತು. ವಾನ್ ನ್ಯೂಮನ್ ಅವರ ಆಟಗಾರನಿಗೆ ಆಟ ಮೊದಲೇ ತಿಳಿದಿರುತ್ತಿತ್ತು. ಈ ಆಟಗಾರರು ಆಡುತ್ತಲೇ ರೂಪುಗೊಂಡವರು.

ಇಂದು ರೋಬಾಟ್‌ಗಳ ತಂಡ ಮೊದಲಾದವುಗಳ ಅಧ್ಯಯನದಲ್ಲಿ ಇದೇ ವಿಧಾನ ಬಳಕೆಯಲ್ಲಿದೆ. ಇಡೀ ತಂಡ ಗೆದ್ದಾಗ ಅದರಲ್ಲಿ ಪ್ರತಿ ಏಜೆಂಟಿನ ಪಾಲೆಷ್ಟೆಂದು ನಿರ್ಣಯಿಸುವುದು ಈ ಕ್ಷೇತ್ರದ ಕಠಿಣ ಸಮಸ್ಯೆಗಳಲ್ಲಿ ಒಂದಾಗಿ ಮುಂದುವರಿದಿದೆ. ವಾನ್ ನ್ಯೂಮನ್ ಕಲ್ಪಿಸಿದ 29 ಸ್ಥಿತಿಗಳ ಯಂತ್ರವನ್ನು ಅವರ ಜೀವಿತಕಾಲದಲ್ಲಿ ಯಾವ ಗಣಕವೂ ನಡೆಸಿ ತೋರಿಸುವಂತಿರಲಿಲ್ಲ. ಸ್ಥಿತಿಗಳ ಸಂಖ್ಯೆಯನ್ನು ಸ್ವಲ್ಪ ಹೆಚ್ಚಿಸಿಕೊಂಡು ರೆನಾಟೊ ನೊಬಿಲಿ ಮತ್ತು ಉಂಬರ್ಟೊ ಪೆಸಾವೆಂಟೊ ಅದನ್ನು ಗಣಕಯಂತ್ರದಲ್ಲಿ ಸಾಕ್ಷಾತ್ಕರಿಸಿದ್ದು 1995ರಲ್ಲಿ, ಅವರು ತೀರಿಕೊಂಡ 38 ವರ್ಷಗಳ ನಂತರ.